ಪಾವು ಹೇಳಿದ ಇನ್ನೂರು ಗ್ರಾಂ

ಸಿಹಿತಿಂಡಿ ಮಾಡಿ ಮಾರುವ ತುಂಗಕ್ಕ ಹೊಸ ತಕ್ಕಡಿ ತಂದ ದಿನ ಅಕ್ಕಿ-ಬೇಳೆ ಅಳೆಯುವ ಹಿತ್ತಾಳೆಯ ಪಾವಿಗೆ ಅಟ್ಟದ ಭಯ ಹಿಡಿಯಿತು. ಅಟ್ಟಕ್ಕೆ ಹೋದ ಪಾತ್ರೆ ತಿರುಗಿ ಬಂದದ್ದನ್ನು ಅದು ನೋಡಿರಲಿಲ್ಲ.

“ಇದೇಕೆ ತಾಯಿ?” ಎಂದಿತು ಪಾವು. “ಅಡುಗೆ ಪುಸ್ತಕದಲ್ಲಿ ಗ್ರಾಂ ಲೆಕ್ಕವಿದ್ದರೆ ನನ್ನನ್ನು ಕೇಳಿ. ಒಂದು ಪಾವು ಅಂದರೆ ಇನ್ನೂರು ಗ್ರಾಂ.”

“ಯಾವುದರ ಪಾವು?” ತಕ್ಕಡಿ ಕೇಳಿತು.

“ಪಾವು ಅಂದಮೇಲೆ ಪಾವು. ನನ್ನೊಳಗೆ ಬಂದವರೆಲ್ಲ ಒಂದೇ.”

ತುಂಗಕ್ಕ ಒಂದು ಪಾವು ಅಕ್ಕಿ ಅಳೆದು ತಕ್ಕಡಿಗೆ ಸುರಿದಳು. ಸರಿಯಾಗಿ ಇನ್ನೂರು ಗ್ರಾಂ ಬಂತು. ಪಾವು ಬೀಗಿತು. ಆಮೇಲೆ ಕಡಲೆಹಿಟ್ಟು ಸುರಿದಳು. ನೂರ ಹತ್ತು.

“ಹಿಟ್ಟಿಗೆ ಸೋಮಾರಿತನ. ನನ್ನನ್ನು ನೆಲಕ್ಕೆ ಕುಟ್ಟಿ, ಒತ್ತಿ ತುಂಬಿ,” ಎಂದಿತು ಪಾವು.

ಒತ್ತಿ ತುಂಬಿದರೂ ನೂರ ನಲವತ್ತು ದಾಟಲಿಲ್ಲ. ಮಂಡಕ್ಕಿಯಂತೂ ಇಪ್ಪತ್ತೈದಕ್ಕೇ ನಿಂತಿತು.

“ಮಂಡಕ್ಕಿ ಮೋಸಗಾರ, ಹಿಟ್ಟು ಅದರ ಶಿಷ್ಯ. ಇಲ್ಲವಾದರೆ ಈ ತಕ್ಕಡಿಯೇ ಕೆಟ್ಟಿದೆ.”

“ಅಕ್ಕಿ ತೂಗಿದಾಗ ನಾನು ಕೆಟ್ಟಿರಲಿಲ್ಲವೇ?”

“ಆಗ ನಿನ್ನ ಬುದ್ಧಿ ನೆಟ್ಟಗಿತ್ತು.”

“ನಿನ್ನ ಮಾತು ಕೇಳಿ ಮೈಸೂರುಪಾಕು ಮಾಡಿದರೆ ಹಿಟ್ಟು ಕಡಿಮೆ ಬಿದ್ದು ಸಕ್ಕರೆ ಕಲ್ಲಾಗುತ್ತದೆ, ತಿನ್ನುವವರಿಗೆ ಸುತ್ತಿಗೆಯನ್ನೂ ಕೊಡಬೇಕಾದೀತು,” ಎಂದಳು ತುಂಗಕ್ಕ.

ಆದರೂ ಅವಳು ಪಾವನ್ನು ಅಟ್ಟಕ್ಕೆ ಹಾಕಲಿಲ್ಲ, ಅಕ್ಕಿ ಡಬ್ಬಿಯೊಳಗೆ ಇಟ್ಟಳು. ಅಲ್ಲಿ ಪಾವು ಇಂದಿಗೂ ಅದೇ ಉಪದೇಶ ಮಾಡುತ್ತಿದೆ, ಒಮ್ಮೆಯೂ ಲೆಕ್ಕ ತಪ್ಪಿಲ್ಲ. ಕೇಳುವುದಕ್ಕೆ ಅಲ್ಲಿ ಅಕ್ಕಿ ಬಿಟ್ಟರೆ ಬೇರೆ ಯಾರೂ ಇಲ್ಲ.