ನೆಲಸಂಪಿಗೆಯ ನಡುವೆ

ಹೊಳೆಯಾಚೆ ದೇವರ ಕಾಡು. ಅಲ್ಲಿ ಕೊಡಲಿ ಹಾಕುವಂತಿಲ್ಲ, ಒಂದು ಎಲೆಯನ್ನೂ ಕೀಳುವಂತಿಲ್ಲ. ವಸಂತದ ಮೊದಲ ಮಳೆ ಬಿದ್ದ ಮೇಲೆ ಮರುಳಯ್ಯ ಗುರುಗಳು ಊರವರನ್ನು ಬರಿಗಾಲಲ್ಲಿ ಹೂ ನೋಡಲು ಕರೆದೊಯ್ಯುತ್ತಿದ್ದರು.

ಈ ಸಲ ಶಿಷ್ಯೆ ಶಾಂಭವಿಗೆ ಹೇಳಿದರು: “ಮುಂದೆ ನೀನು ನಡೆ. ನಾನು ಹಿಂದೆ ಬರುತ್ತೇನೆ. ಕಾಲುದಾರಿ ಬಿಡಬೇಡ.”

ಶಾಂಭವಿ ಹಿಗ್ಗಿ ಹೀರೇಕಾಯಿಯಾದಳು. ಎಷ್ಟು ವರ್ಷದಿಂದ ಕಾದಿದ್ದಳು! ಇವತ್ತು ಚೆನ್ನಾಗಿ ನಡೆದರೆ ಈ ಕೆಲಸ ಇನ್ನು ತನ್ನದೇ.

ಕಾಡಿನೊಳಗೆ ಬೆಳಕು ಹಸಿರಾಗಿ ಇಳಿಯುತ್ತಿತ್ತು. ಜೇನಿನ ಝೇಂಕಾರದಲ್ಲಿ ಎಲ್ಲರ ಮಾತೂ ತಾನಾಗಿ ಮೆತ್ತಗಾಯಿತು. ಶಾಂಭವಿ ಮಾತ್ರ ಹೂಗಳ ಹೆಸರು ಹೇಳುತ್ತಲೇ ಇದ್ದಳು. ಹೆಸರು ಗೊತ್ತಿರುವವರ ಬಾಯಿಗೆ ಬೀಗ ಹಾಕುವುದು ಸುಲಭವಲ್ಲ.

ಅವರಿನ್ನೂ ಕಾಡಿನ ಅಂಚು ದಾಟಿರಲಿಲ್ಲ. ದಾರಿಯಿಂದ ನಾಲ್ಕು ಮಾರು ಆಚೆ, ಮರವೊಂದರಲ್ಲಿ ಸೀತಾಳೆದಂಡೆಯ ಹೂಗೊಂಚಲು ಜಡೆಯಂತೆ ಇಳಿಬಿದ್ದಿತ್ತು. ಶಾಂಭವಿ ಅದರ ಹೆಸರನ್ನೂ ಹೇಳಿದಳು.

“ಎಲ್ಲವ್ವಾ? ನನ್ನ ಕಣ್ಣಿಗೆ ಕಾಣ್ತಿಲ್ವಲ್ಲ,” ಎಂದಳು ನಾಗಜ್ಜಿ.

“ಇರಿ ಅಜ್ಜಿ, ತೋರಿಸ್ತೀನಿ!”

ಶಾಂಭವಿ ದಡದಡನೆ ಮರದ ಬುಡಕ್ಕೆ ಓಡಿ ಹೂವಿನತ್ತ ಕೈಯೆತ್ತಿದಳು.

“ಕಾಲ ಕೆಳಗಿನದನ್ನೂ ತೋರಿಸು,” ಎಂದರು ಗುರುಗಳು.

ಬಗ್ಗಿ ನೋಡಿದಳು. ತರಗೆಲೆಗಳ ನಡುವೆ, ಒಂದೆಲೆಯೂ ಇಲ್ಲದೆ ನೆಲದಿಂದ ನೇರ ಅರಳಿದ ನೆಲಸಂಪಿಗೆ. ಅವಳ ಹಿಮ್ಮಡಿಯಡಿ ಒಂದು ಅಪ್ಪಚ್ಚಿಯಾಗಿತ್ತು. ಸುತ್ತಲೂ ಹೂವು, ಮೊಗ್ಗು. ಕಾಲಿಡಲು ಜಾಗ ಕಾಣಲಿಲ್ಲ.

“ಗುರುಗಳೇ, ಹೇಗೆ ಹೊರಗೆ ಬರಲಿ?”

“ಒಳಗೆ ಹೇಗೆ ಹೋದೆ?”

“ನೋಡದೆ ಬಂದೆ.”

“ನೋಡಿಕೊಂಡು ಬಾ. ನಾವು ಕೂತಿರುತ್ತೇವೆ.”

ಶಾಂಭವಿ ಕುಕ್ಕರಗಾಲಲ್ಲಿ ಕೂತು ತರಗೆಲೆಗಳನ್ನು ಒಂದೊಂದಾಗಿ ಸರಿಸಿದಳು. ಬರಿಯ ನೆಲ ಕಂಡಲ್ಲಿ ಮಾತ್ರ ಕಾಲಿಟ್ಟಳು. ಹೆಸರುಗಳೆಲ್ಲ ಮರೆತುಹೋದವು. ನೇರಳೆ ತುಟಿಯ ಬಿಳಿ ಹೂವು, ಮಣ್ಣಿನ ತಂಪು, ಎಲ್ಲಿಂದಲೋ ತೇಲಿ ಬರುವ ಘಮ, ಇಷ್ಟೇ ಉಳಿದವು. ಕನಸಿನಲ್ಲಿ ನಡೆದಂತಿತ್ತು.

ದಾರಿಯಲ್ಲಿ ಕೂತವರ ಕಣ್ಣೂ ಅವಳ ಕೈ ಹೋದಲ್ಲೆಲ್ಲ ಹೋಗುತ್ತಿತ್ತು. ನಾಗಜ್ಜಿ ತನ್ನ ಮುಂದೆಯೇ ಇದ್ದ ಹೂವೊಂದಕ್ಕೆ ಮೂಗು ತಾಗುವಷ್ಟು ಬಗ್ಗಿ, ಒಬ್ಬಳೇ ನಗುತ್ತಿದ್ದಳು.

ಶಾಂಭವಿ ದಾರಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಇನ್ನು ಊರಿಗೆ ಮರಳಬೇಕು.

“ಕಾಡಿನ ಅಂಚಿನಲ್ಲೇ ಎಲ್ಲರ ದಿನ ಹಾಳುಮಾಡಿದೆ,” ಎಂದು ಅತ್ತಳು. “ಮುಂದಿನ ವರ್ಷ ಬೇರೆ ಯಾರನ್ನಾದರೂ ಕಳಿಸಿ.”

ಗುರುಗಳು ಅವಳ ಕೈಗಂಟಿದ ಮಣ್ಣನ್ನು ತಮ್ಮ ಶಲ್ಯದಿಂದ ಒರೆಸಿದರು.

“ಮುಂದಿನ ವರ್ಷವೂ ನೀನೇ. ಇಷ್ಟು ವರ್ಷಗಳಲ್ಲಿ ನಾನು ಯಾರನ್ನೂ ಇಷ್ಟು ದೂರ ಕರೆದುಕೊಂಡು ಹೋಗಿಲ್ಲ.”