ಮುಳ್ಳವ್ವನ ದಾಕ್ಷಿಣ್ಯ

ಒಂದು ಕುರುಚಲು ಕಾಡು. ಕಾಡಿನ ನಡುವೆ ಒಂದು ಹಳ್ಳ, ಹಳ್ಳದ ಪಕ್ಕದಲ್ಲಿ ಒಂದು ಕಲ್ಲುಗುಡ್ಡ. ಆ ಗುಡ್ಡದ ಬಿಲದಲ್ಲಿ ಮುಳ್ಳವ್ವ ಎಂಬ ಮುಳ್ಳುಹಂದಿ ವಾಸವಾಗಿದ್ದಳು. ಮೈತುಂಬ ಮುಳ್ಳು, ಮನಸ್ಸು ಮಾತ್ರ ಬೆಣ್ಣೆ. ಬೆಣ್ಣೆ ಒಳ್ಳೆಯದೇ ಮಕ್ಕಳೇ. ಆದರೆ ಬಿಸಿಲಿಗೆ ಇಟ್ಟರೆ ಅದು ಏನಾಗುತ್ತದೆ ಅಂತ ನಿಮಗೂ ಗೊತ್ತು.

ಮುಳ್ಳವ್ವನಿಗೆ ಇದ್ದದ್ದು ಒಂದೇ ದೋಷ, ದಾಕ್ಷಿಣ್ಯ. ಯಾರ ಮುಖ ನೋಡಿದರೂ ‘ಇಲ್ಲ’ ಅನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಒಮ್ಮೆ ಒಂದು ಹೆಗ್ಗಣ, “ಇವತ್ತೊಂದು ದಿನ ಮಲಗಿ ಹೋಗ್ತೀನಿ ಅಕ್ಕ” ಎಂದು ಬಂದು ಇಡೀ ಬೇಸಿಗೆ ಅವಳ ಬಿಲದಲ್ಲೇ ಕಾಲು ಚಾಚಿತ್ತು. ಇವಳು ಹೊರಗೆ ಕಾದ ಬಂಡೆಯ ಮೇಲೆ ಮಲಗಿ, “ಪಾಪ, ಅವನಿಗೂ ಸೆಕೆಯಲ್ಲವೇ?” ಅನ್ನುತ್ತಿದ್ದಳು. ಇಂಥವರಿಗೆ ಏನು ಹೇಳೋಣ!

ಪಕ್ಕದ ಬಯಲಲ್ಲಿದ್ದ ಟಿಟ್ಟಿ ಎಂಬ ಟಿಟ್ಟಿಭ ಹಕ್ಕಿ ಇದಕ್ಕೆ ತದ್ವಿರುದ್ಧ. ಗುಡ್ಡಕ್ಕೆ ಒಂದು ಇರುವೆ ಬಂದರೂ “ಯಾರು? ಎಲ್ಲಿಂದ? ಯಾಕೆ?” ಎಂದು ಗಂಟಲು ಹರಿಯುವಂತೆ ಕಿರಿಚುತ್ತಿದ್ದಳು. “ಇವಳಿಗೊಂದು ಊರ ಉಸಾಬರಿ” ಎಂದು ಎಲ್ಲರೂ ಬೈಯುತ್ತಿದ್ದರು. ಮುಳ್ಳವ್ವನೂ ಮನಸ್ಸಿನಲ್ಲೇ ಬೈಯುತ್ತಿದ್ದಳು. ಜೋರಾಗಿ ಬೈಯಲು ದಾಕ್ಷಿಣ್ಯ.

ಒಂದು ಮಳೆಗಾಲ ಹಳ್ಳ ಉಕ್ಕಿ ಹರಿಯಿತು. ತಗ್ಗಿನಲ್ಲಿದ್ದ ಪೊದೆ, ಗೂಡು, ಬಿಲ ಎಲ್ಲ ನೀರಿನ ಪಾಲಾದವು. ಯಾರು ಎತ್ತ ತೇಲಿ ಹೋದರೋ ತಿಳಿಯಲಿಲ್ಲ. ನೀರು ತುಸು ಇಳಿದಾಗ ಅಪ್ಪ ಅಮ್ಮ ಕಾಣದ ಮರಿಗಳು ಗುಡ್ಡದ ಬುಡದ ಕೆಸರಿನಲ್ಲಿ ನಡುಗುತ್ತಿದ್ದವು. ಒಂದು ಮೊಲದ ಮರಿ, ಅದರ ಹೆಸರು ಚಿಟಿಕೆ. ಎರಡು ಅವಳಿ ಅಳಿಲು ಮರಿಗಳು. ಒಂದು ಗೌಜಲಕ್ಕಿಯ ಮರಿ.

ಮುಳ್ಳವ್ವ ಎಲ್ಲರನ್ನೂ ಬಿಲಕ್ಕೆ ಕರೆತಂದಳು. ಒಣಹುಲ್ಲು ಹಾಸಿದಳು, ಗೆಡ್ಡೆ ಅಗೆದು ತಿನ್ನಿಸಿದಳು. ಚಿಟಿಕೆಯಂತೂ ಅವಳ ಹೊಟ್ಟೆಯ ಕೆಳಗೆ ಮುಳ್ಳಿಲ್ಲದ ಜಾಗ ಹುಡುಕಿ ಅಲ್ಲೇ ಮಲಗುತ್ತಿದ್ದಳು.

“ಅಮ್ಮ ಬರ್ತಾಳಾ ಅಜ್ಜಿ?”

“ಬರ್ತಾಳೆ ಕಂದ. ಬರುವ ತನಕ ನಾನಿದ್ದೀನಲ್ಲ.”

ಹೀಗಿರುವಾಗ ಒಂದು ದಿನ ಗುಡ್ಡದ ಮೇಲೆಲ್ಲ ಘಮ್ಮೆಂದು ಪರಿಮಳ ಹರಡಿತು. ನೋಡಿದರೆ ಗಂಧಪ್ಪ ಎಂಬ ಪುನುಗು ಬೆಕ್ಕು ಬರುತ್ತಿದ್ದ. ಕಾಡೆಲ್ಲ ಕೆಸರಾಗಿದ್ದರೂ ಅವನ ಮೈಮೇಲೆ ಒಂದು ಚುಕ್ಕೆ ಕೆಸರಿಲ್ಲ. ಬಾಯಲ್ಲಿ ಅತ್ತಿಹಣ್ಣಿನ ಗೊಂಚಲು.

“ಯಾರು? ಎಲ್ಲಿಂದ? ಯಾಕೆ?” ಟಿಟ್ಟಿ ಕಿರಿಚಿದಳು.

ಗಂಧಪ್ಪ ಗೊಂಚಲನ್ನು ಕೆಳಗಿಟ್ಟು ನಕ್ಕ. “ನಮ್ಮ ವಂಶದ ಪುನುಗನ್ನು ದೇವರ ಮೈಗೇ ಹಚ್ಚುತ್ತಾರೆ ತಾಯಿ. ನಮ್ಮನ್ನೂ ಯಾರು ಅಂತ ಕೇಳುವವರು ಇದ್ದಾರೆ ಅನ್ನಿ!”

ಮುಳ್ಳವ್ವನಿಗೆ ನಾಚಿಕೆಯಾಯಿತು. “ಸುಮ್ಮನಿರೇ ಟಿಟ್ಟಿ! ದೊಡ್ಡ ಮನೆತನದವರು ಬಂದಾಗ ಹೀಗಾ ಮಾತಾಡೋದು? ಬನ್ನಿ ಸ್ವಾಮಿ, ಒಳಗೆ ಬನ್ನಿ.”

ಗಂಧಪ್ಪ ಹಣ್ಣು ಹಂಚಿದ. ಮರಿಗಳೂ ತಿಂದವು, ಮುಳ್ಳವ್ವನೂ ತಿಂದಳು. ಆಮೇಲೆ ಅವನು ಮೆಲ್ಲಗೆ ಮಾತು ತೆಗೆದ. “ಆಚೆ ಗುಡ್ಡದಲ್ಲಿ ನಮ್ಮದೊಂದು ಗವಿಯಿದೆ. ಬೆಚ್ಚಗಿದೆ, ಹೊಟ್ಟೆತುಂಬ ಊಟವಿದೆ. ನೀವೊಬ್ಬರೇ ಎಷ್ಟು ಅಂತ ಒದ್ದಾಡುತ್ತೀರಿ? ಅದಿರಲಿ, ಈ ಮೊಲದ ಮರಿಯ ಚಿಕ್ಕಪ್ಪ ನಮ್ಮಲ್ಲೇ ಇದ್ದಾನೆ. ಇದಕ್ಕಾಗಿ ಅನ್ನ ನೀರು ಬಿಟ್ಟು ಕೂತಿದ್ದಾನೆ. ಇವತ್ತು ಇದನ್ನು ಕರೆದೊಯ್ಯುತ್ತೇನೆ. ನಾಳೆ ಬಂದು ಉಳಿದವನ್ನು.”

‘ಚಿಕ್ಕಪ್ಪನ ಹೆಸರೇನು? ಅವನೇ ಯಾಕೆ ಬರಲಿಲ್ಲ?’ ಮಾತು ಮುಳ್ಳವ್ವನ ನಾಲಿಗೆಯ ತುದಿಗೆ ಬಂತು. ಆದರೆ ಅದೇ ನಾಲಿಗೆಯ ಮೇಲೆ ಅವನು ಕೊಟ್ಟ ಹಣ್ಣಿನ ರುಚಿ ಇನ್ನೂ ಇತ್ತು. ತಿಂದ ಬಾಯಲ್ಲಿ ಅನುಮಾನ ಆಡುವುದು ಹೇಗೆ? ಜೊತೆಗೆ, ನಿಜ ಹೇಳಬೇಕೆಂದರೆ, ಗೆಡ್ಡೆ ಅಗೆದು ಅಗೆದು ಅವಳಿಗೂ ಸಾಕಾಗಿತ್ತು.

“ನಾನು ಹೋಗಲ್ಲ ಅಜ್ಜಿ” ಎಂದು ಚಿಟಿಕೆ ಅವಳ ಕಾಲಿಗೆ ಅಂಟಿಕೊಂಡಳು.

“ಹಾಗನ್ನಬಾರದು ಕಂದ. ದೊಡ್ಡವರು ಕರೆದಾಗ ಹೋಗಬೇಕು” ಎಂದು ಮುಳ್ಳವ್ವ ತಾನೇ ಅವಳ ಹಿಡಿತ ಬಿಡಿಸಿದಳು.

ಟಿಟ್ಟಿ ಕಿರಿಚುತ್ತಲೇ ಇದ್ದಳು. ಕೇಳುವವರು ಯಾರು?

ಮರುದಿನ ಬೆಳಿಗ್ಗೆ ಒಂದು ಹೆಣ್ಣು ಮೊಲ ಕುಂಟುತ್ತ ಗುಡ್ಡ ಹತ್ತಿ ಬಂದಿತು. “ಅಕ್ಕ, ಕಳೆದುಹೋದ ಮರಿಗಳು ನಿಮ್ಮ ಹತ್ತಿರ ಇವೆಯಂತೆ. ನನ್ನ ಚಿಟಿಕೆ ಇದ್ದಾಳಾ?”

“ಅಯ್ಯೋ, ನಿನ್ನೆ ತಾನೇ ಅವಳ ಚಿಕ್ಕಪ್ಪನ ಮನೆಗೆ ಹೋದಳಲ್ಲ!”

“ಯಾವ ಚಿಕ್ಕಪ್ಪ? ನನ್ನ ಗಂಡನಿಗೆ ತಮ್ಮಂದಿರೇ ಇಲ್ಲ!”

ಟಿಟ್ಟಿ ಒಡನೆ ಆಚೆ ಗುಡ್ಡಕ್ಕೆ ಹಾರಿ ಹೋಗಿ ನೋಡಿಕೊಂಡು ಬಂದಳು. ಅಲ್ಲಿ ಗವಿಯೂ ಇರಲಿಲ್ಲ, ಚಿಕ್ಕಪ್ಪನೂ ಇರಲಿಲ್ಲ. ತಾಯಿ ಮೊಲ ನೆಲಕ್ಕೆ ಬಿದ್ದು ಅತ್ತಿತು. ಮುಳ್ಳವ್ವ ತಲೆ ತಲೆ ಚಚ್ಚಿಕೊಂಡು, “ನನ್ನ ಕೈಯಾರೆ ಬಿಡಿಸಿ ಕಳಿಸಿದೆನಲ್ಲೇ!” ಎಂದು ಗೋಳಾಡಿದಳು.

“ಅಳೋದು ಆಮೇಲೆ,” ಎಂದಳು ಟಿಟ್ಟಿ. “ಉಳಿದ ಮರಿಗಳಿಗಾಗಿ ಇವತ್ತು ಅವನು ಬರ್ತಾನಲ್ಲ? ಬರಲಿ.”

ಮರಿಗಳನ್ನು ಟಿಟ್ಟಿ ಕಲ್ಲುಸಂದಿಯಲ್ಲಿ ಅಡಗಿಸಿದಳು. ತಾಯಿ ಮೊಲ ಬಿಲದ ಒಳಗೆ ಹುಲ್ಲು ಹೊದ್ದು ಮುದುರಿ ಮಲಗಿತು. ಹುಲ್ಲಿನಿಂದ ಹೊರಗೆ ಕಾಣುತ್ತಿದ್ದುದು ಕಿವಿಯ ತುದಿಯಷ್ಟೇ.

ಸಂಜೆಯಾಗುವ ಮೊದಲೇ ಪರಿಮಳ ಬಂತು. ಹಿಂದೆಯೇ ಗಂಧಪ್ಪ. “ಮರಿಗಳು ಸಿದ್ಧವೇ ತಾಯಿ?”

“ಒಳಗೆ ಬನ್ನಿ ಸ್ವಾಮಿ. ಇವತ್ತು ಇನ್ನೊಂದು ಮರಿ ಸಿಕ್ಕಿದೆ. ಜ್ವರ ಬಂದು ಮಲಗಿದೆ. ಇದರ ಕಡೆಯವರು ಯಾರಾದರೂ ನಿಮಗೆ ಗೊತ್ತೇ?”

ಗಂಧಪ್ಪ ಒಳಗೆ ನುಗ್ಗಿದ. ಮುಖ ನೋಡುವ ಕಷ್ಟವನ್ನೂ ಅವನು ತೆಗೆದುಕೊಳ್ಳಲಿಲ್ಲ. ಅವನಿಗೆ ಬೇಕಿದ್ದುದು ಮುಖವಲ್ಲವಲ್ಲ! “ಗೊತ್ತಿಲ್ಲದೆ ಏನು! ಇದರ ಅಮ್ಮ ನಮ್ಮ ಗವಿಯಲ್ಲೇ ಇದ್ದಾಳೆ. ಪಾಪ, ಮಗು ಮಗು ಅಂತ ಒಂದೇ ಸಮನೆ ಅಳುತ್ತಿದ್ದಾಳೆ.”

ಹುಲ್ಲು ಚೆಲ್ಲಾಪಿಲ್ಲಿಯಾಯಿತು. ತಾಯಿ ಮೊಲ ಎದ್ದು ನಿಂತಿತು. “ನನ್ನಮ್ಮ ಸತ್ತು ಎಷ್ಟೋ ಕಾಲವಾಯಿತು. ಅಳುತ್ತಿರುವ ಅಮ್ಮ ನಾನೇ. ನನ್ನ ಮಗಳೆಲ್ಲಿ?”

ಗಂಧಪ್ಪ ಗಕ್ಕನೆ ಬಾಗಿಲಿಗೆ ತಿರುಗಿದ. ಬಾಗಿಲಲ್ಲಿ ಮುಳ್ಳವ್ವನ ಬೆನ್ನು. ಮುಳ್ಳುಗಳೆಲ್ಲ ನೆಟ್ಟಗೆ ನಿಂತಿದ್ದವು.

“ದಾರಿ ಬಿಡಿ ತಾಯಿ! ನಾನು ತಂದ ಹಣ್ಣು ತಿಂದವರಲ್ಲವೇ ನೀವು? ಸ್ವಲ್ಪವಾದರೂ ದಾಕ್ಷಿಣ್ಯ ಬೇಡವೇ?”

“ತಿಂದೆ. ಅದಕ್ಕೇ ಇನ್ನೂ ಚುಚ್ಚಿಲ್ಲ. ಮರಿ ಎಲ್ಲಿ ಹೇಳು” ಎಂದು ಮುಳ್ಳವ್ವ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಮುಳ್ಳು ಮೂಗಿಗೆ ತಾಕಿದ್ದೇ ತಡ, ಗಂಧಪ್ಪ ಎಲ್ಲ ಕಕ್ಕಿದ. ಉರುಳಿಬಿದ್ದ ಮತ್ತಿಮರದ ಪೊಟರೆಯಲ್ಲಿ ಮರಿಗಳಿವೆ. ಅವು ದೂರದ ಕಾಡಿನ ಒಂದು ಕತ್ತೆಕಿರುಬಕ್ಕೆ. ಒಂದೆರಡು ಮರಿಗಳಿಗೆಲ್ಲ ಅದು ಅಷ್ಟು ದೂರದಿಂದ ಬರುವುದಿಲ್ಲ. ಅದಕ್ಕೇ ಗುಂಪು ಕೂಡಿಸಿ ಇಟ್ಟಿದ್ದ. ಇವತ್ತು ಹೊತ್ತು ಮುಳುಗಿದರೆ ಅದು ಬರುತ್ತದೆ. ಅದು ತಿಂದು ಉಳಿದದ್ದರಲ್ಲಿ ಇವನಿಗೆ ಪಾಲು.

ಮುಳ್ಳವ್ವ ಗಂಧಪ್ಪನನ್ನು ಬಿಲದಲ್ಲೇ ತಡೆದು ಕಾದಳು. ಟಿಟ್ಟಿ ಮೇಲೆ ಹಾರಿ ದಾರಿ ತೋರಿಸಿದಳು, ತಾಯಿ ಮೊಲ ಕುಂಟುಗಾಲಲ್ಲೇ ಓಡಿತು. ಪೊಟರೆಯ ಬಾಯಿಗೆ ಜಡಿದಿದ್ದ ಮುಳ್ಳುಕಂಟಿಯನ್ನು ಹಲ್ಲಿನಿಂದಲೇ ಕಿತ್ತೆಸೆಯಿತು. ಒಳಗೆ ಚಿಟಿಕೆ ಇದ್ದಳು. ಬೇರೆ ದಿಬ್ಬಗಳಿಂದ ತಂದ ಇನ್ನೂ ಕೆಲವು ಮರಿಗಳಿದ್ದವು. ತಾಯಿಯನ್ನು ಕಂಡು ಚಿಟಿಕೆಗೆ ಅಳಲೂ ಆಗಲಿಲ್ಲ, ಅಮ್ಮನ ಕಿವಿ ಕಚ್ಚಿ ಹಿಡಿದು ಹಾಗೇ ನಿಂತಳು.

ಪೊಟರೆಯ ಆ ಮೂಲೆಯಲ್ಲಿ ಇನ್ನಷ್ಟು ಹುಲ್ಲಿನ ಗುಪ್ಪೆಗಳಿದ್ದವು. ಪುಟ್ಟ ಮೈಗಳು ಮಲಗಿ ತಗ್ಗಾದ ಗುರುತು, ಒಂದೆರಡು ಎಳೆಯ ಪುಕ್ಕ. ಮಲಗಿದ್ದವರು ಇರಲಿಲ್ಲ. ಅವರು ಯಾರ ಮಕ್ಕಳೋ, ಅವರನ್ನು ಕಳಿಸಿಕೊಟ್ಟವರು ಯಾರೋ.

ಗಂಧಪ್ಪನನ್ನು ಗುಡ್ಡದವರೆಲ್ಲ ಸೇರಿ ಕಾಡಿನಾಚೆಗೆ ಅಟ್ಟಿದರು. ಅವನು ಹೋದ ದಾರಿಯುದ್ದಕ್ಕೂ ಟಿಟ್ಟಿ ಮೇಲೆ ಹಾರುತ್ತ ಅವನ ಹೆಸರು ಸಾರಿದಳು. ಈ ಸಲ ಯಾರೂ ಅವಳನ್ನು ಬೈಯಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಗಂಡು ಅಳಿಲು ಬಂದಿತು. “ನಾನು ಅವಳಿ ಮರಿಗಳ ಸೋದರಮಾವ. ಅಮ್ಮ ಕಾಲು ಮುರಿದು ಮಲಗಿದ್ದಾಳೆ. ಮರಿಗಳನ್ನು ಕಳಿಸಿಕೊಡಿ.”

“ಮರಿಗಳ ಹೆಸರೇನು?” ಎಂದಳು ಮುಳ್ಳವ್ವ. ಅಳಿಲು ಹೇಳಿತು. “ಯಾವ ಮರದಲ್ಲಿದ್ದರು? ಅಮ್ಮ ಈಗ ಎಲ್ಲಿದ್ದಾಳೆ?” ಅದನ್ನೂ ಹೇಳಿತು. “ಸರಿ, ಕೂತಿರು. ಟಿಟ್ಟಿ ಹೋಗಿ ಅವಳನ್ನು ನೋಡಿಕೊಂಡು ಬರಲಿ.”

ಅಳಿಲಿನ ಬಾಲ ಸಿಟ್ಟಿನಿಂದ ನಿಮಿರಿತು. “ಸ್ವಂತ ಸೋದರಮಾವ ನಾನು! ನನ್ನ ಮೇಲೇ ಅನುಮಾನವಾ? ಎಂಥ ಅವಮಾನ!”

ಮುಳ್ಳವ್ವನ ಮುಖ ಸಣ್ಣದಾಯಿತು. ಹಳೆಯ ಅಭ್ಯಾಸ, ಎಲ್ಲಿ ಹೋಗುತ್ತದೆ! ಆದರೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

“ಕೋಪ ಮಾಡಿಕೋ ಅಣ್ಣ, ಪರವಾಗಿಲ್ಲ. ನಿನ್ನ ಕೋಪ ನಾಳೆ ಇಳಿಯುತ್ತದೆ. ಕಳಿಸಿಬಿಟ್ಟ ಮರಿ ನಾಳೆ ಬರುವುದಿಲ್ಲ.”

ನೀತಿ: ದಿಕ್ಕಿಲ್ಲದ ಮಕ್ಕಳನ್ನು ಕಾಯುವವರಿಗೆ ದಾಕ್ಷಿಣ್ಯ ಸಲ್ಲದು; ಕೇಳಿ, ನೋಡಿ, ಖಚಿತವಾದ ಮೇಲೆಯೇ ಮಗುವಿನ ಕೈ ಬಿಡಬೇಕು.