ಸುಂಡಿಲಿಯ ಬೊಗಸೆ

ಒಂದು ಕಾಡಿನಲ್ಲಿ ಒಂದು ಕೆರೆಯಿತ್ತು. ಹೂಳು ತುಂಬಿ ತುಂಬಿ ಅದು ಊಟದ ತಟ್ಟೆಯಷ್ಟೇ ಆಳ ಉಳಿದಿತ್ತು. ಹೂಳೆತ್ತಿಸಬೇಕು ಎಂದು ರಾಜ ಸಿಂಹಕ್ಕೆ ಎಲ್ಲರೂ ಮೊರೆಯಿಟ್ಟರು. ಮಧ್ಯಾಹ್ನದ ನಿದ್ದೆಯಲ್ಲಿದ್ದ ರಾಜ ಒಂದೇ ಕಣ್ಣು ತೆರೆದು, "ದುಡಿದವರಿಗೆ ಸಂಜೆ ಒಂದು ಬೊಗಸೆ ಕಾಳು ಕೂಲಿ. ಇದೇ ಕಾನೂನು" ಎಂದು ಹೇಳಿ, ಮತ್ತೆ ಗೊರಕೆ ಹೊಡೆದ. ಬೊಗಸೆ ಅಂದಾಗ ಅವನ ಮನಸ್ಸಿನಲ್ಲಿದ್ದದ್ದು ತನ್ನ ಪಂಜ.

ಆ ಕಾಡಿನ ರೂಢಿಯೇ ಬೇರೆ. ಯಾರ ಕೈ ಕೊಡುತ್ತದೋ ಅವರ ಬೊಗಸೆಯೇ ಅಳತೆ. ಉಗ್ರಾಣದ ಕರಡಿ ಕೆಂಚಪ್ಪ ಕೂಲಿ ಅಳೆಯುತ್ತಿದ್ದ. ಅವನ ಬೊಗಸೆ ಮೊರದಗಲ. ದುಂಡವ್ವ ಎಂಬ ಹೆಗ್ಗಣ ದಿನವೆಲ್ಲ ಮಣ್ಣು ಕೆರೆದು ಆ ಕಾಳು ತಂದರೆ, ಮರಿಗಳು ಉಂಡು, ಕಾಲು ಮುರಿದುಕೊಂಡು ಮಲಗಿದ್ದ ಗಂಡನೂ ಉಂಡು, ಮಳೆಗಾಲಕ್ಕೆಂದು ಬಿಲದ ಮೂಲೆಯಲ್ಲಿ ಒಂದಿಷ್ಟು ಉಳಿಯುತ್ತಿತ್ತು.

ಮೇಸ್ತ್ರಿ ನರಿ ಸಿಂಗಾರಯ್ಯನಿಗೆ ಇದು ಹೊಟ್ಟೆಯುರಿ. ಅವನಿಗೇನೂ ಕಮ್ಮಿಯಿರಲಿಲ್ಲ, ರಾಜ ತನ್ನ ಪಂಜದಲ್ಲೇ ಬಾಚಿ ಬೊಗಸೆ ಮಾಂಸ ಕೊಡುತ್ತಿದ್ದ. ಆದರೂ ಉಗ್ರಾಣದ ಕಾಳಿನ ಮೇಲೆ ಅವನಿಗೆ ಕಣ್ಣು. ನರಿ ಕಾಳು ತಿನ್ನುತ್ತದಾ ಅಂತ ಕೇಳಬೇಡಿ ಮಕ್ಕಳೇ. ಗುಹೆ ಮುಂದೆ ಕಾಳು ಚೆಲ್ಲಿದರೆ ಕಾಡುಕೋಳಿಗಳು ತಾವಾಗೇ ನಡೆದುಕೊಂಡು ಬರುತ್ತವೆ.

ಕೆಂಚಪ್ಪನಿಗೆ ವಯಸ್ಸಾಯಿತೆಂದು ಬಾಯಿತುಂಬ ಹೊಗಳಿ ನರಿ ಮನೆಗೆ ಕಳಿಸಿದ. ಅವನ ಜಾಗದಲ್ಲಿ ಒಂದು ಸುಂಡಿಲಿಯನ್ನು ಕೂರಿಸಿದ. ಸುಂಡಿಲಿ ಪಾಪದ್ದು. ಎರಡೂ ಕೈ ಜೋಡಿಸಿ ತುಂಬಿ ತುಂಬಿ ಕೊಡುತ್ತಿತ್ತು. ಆ ಕೈಯಲ್ಲಿ ಹಿಡಿಸುವುದಾದರೂ ಎಷ್ಟು? ಮೂರು ಕಾಳು, ಅದೃಷ್ಟವಿದ್ದರೆ ಮೇಲೊಂದು. ಉಳಿದದ್ದೆಲ್ಲ ನರಿಯ ಗುಹೆ ಸೇರುತ್ತಿತ್ತು.

ಬಿಲದ ಮೂಲೆಯ ಕಾಳೂ ಕರಗಿತು. ಕಿರಿಯ ಮರಿ ಹಸಿವಿಗೆ ಅಪ್ಪನ ಬಾಲ ಚೀಪತೊಡಗಿದಾಗ ದುಂಡವ್ವ ನರಿಯ ಬಳಿ ಹೋಗಿ ಅಂಗಲಾಚಿದಳು.

"ಕಾನೂನು ಹೇಳಿದ್ದು ಬೊಗಸೆ. ಕೊಟ್ಟದ್ದೂ ಬೊಗಸೆ. ನಿನ್ನ ಮನೆಯವರ ಹೊಟ್ಟೆ ದೊಡ್ಡದಾದರೆ ಅದಕ್ಕೆ ಕಾನೂನು ಹೊಣೆಯೇನವ್ವಾ?" ಎಂದ ಸಿಂಗಾರಯ್ಯ, ಕೋಳಿಮೂಳೆಯಿಂದ ಹಲ್ಲು ಕೆದಕುತ್ತಾ.

ಹಸಿದವರ ಕೈಯಲ್ಲಿ ಹೂಳು ಏಳಲಿಲ್ಲ. ಒಂದು ಸಂಜೆ ನೀರು ಕುಡಿಯಲು ಬಂದ ರಾಜನ ಮೀಸೆಗೆಲ್ಲ ಕೆಸರು ಮೆತ್ತಿತು. ರಾಜ ರೇಗಿದ. ಕೂಲಿಯವರೆಲ್ಲ ಮೈಗಳ್ಳರು ಎಂದು ನರಿ ದೂರಿದ. ತಾನು ಮಾತ್ರ ಕಾನೂನು ತಪ್ಪಿಲ್ಲ, ಈ ಸುಂಡಿಲಿಯಷ್ಟು ನ್ಯಾಯವಾದ ಕೈ ಇಡೀ ಕಾಡಿನಲ್ಲೇ ಇಲ್ಲ ಎಂದು ಕೊಚ್ಚಿಕೊಂಡ.

ಕೂಲಿಯವರ ನಡುವೆ ದುಂಡವ್ವನೂ ನಿಂತಿದ್ದಳು. ಬಾಯಿಬಿಟ್ಟರೆ ಇರುವ ಮೂರು ಕಾಳೂ ಹೋದೀತು. ಮರಿ ಬಾಲ ಚೀಪುತ್ತಿದ್ದದ್ದು ನೆನಪಾಯಿತು. ಮುಂದೆ ಬಂದಳು.

"ಹೌದು ಬುದ್ಧೀ. ಅಷ್ಟು ಒಳ್ಳೇ ಕೈ ನಮಗೊಬ್ಬರಿಗೇ ಯಾಕೆ? ಮೇಸ್ತ್ರಿ ಅಯ್ಯನವರೂ ದುಡಿಯೋರೇ. ಇವತ್ತು ಅವರ ಕೂಲಿಯನ್ನೂ ಅದೇ ಕೊಡಲಿ."

ರಾಜನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಸುಂಡಿಲಿ ರಾಜನ ಬೇಟೆಯ ಮಾಂಸದ ಗುಡ್ಡೆ ಹತ್ತಿ, ಬೊಗಸೆ ತುಂಬಿಕೊಂಡು ಇಳಿದು, ನರಿಯ ಮುಂದೆ ಭಕ್ತಿಯಿಂದ ಇಟ್ಟಿತು. ಮಲ್ಲಿಗೆ ಮೊಗ್ಗಿನಷ್ಟಿತ್ತು.

"ಇದು ನನ್ನ ಹಲ್ಲಿನ ಸಂದಿಗೂ ಸಾಲದು! ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ, ಪ್ರಭು."

"ನಿಮ್ಮ ಮನೆಯವರ ಹೊಟ್ಟೆ ದೊಡ್ಡದಾದರೆ ಅದಕ್ಕೆ ಕಾನೂನು ಹೊಣೆಯೇ ಅಯ್ಯಾ?" ಎಂದಳು ದುಂಡವ್ವ.

ರಾಜ ಸುಂಡಿಲಿಯ ಕೈ ನೋಡಿದ. ತನ್ನ ಪಂಜ ನೋಡಿಕೊಂಡ. ಅಂದು ಎರಡೂ ಕಣ್ಣು ತೆರೆದು ಹೇಳಬಹುದಿತ್ತು ಅನ್ನಿಸಿ ಕೇಸರ ಕೆರೆದುಕೊಂಡ. ಇನ್ನುಮುಂದೆ ಯಾರೇ ಕೊಡಲಿ, ಅಳತೆ ಕರಡಿಯ ಬೊಗಸೆಯೇ ಎಂದು ಸಾರಿದ. ನರಿಯ ಗುಹೆಯಲ್ಲಿದ್ದ ಕಾಳೆಲ್ಲ ದುಡಿದವರ ಬಿಲ ಸೇರಿತು.

ಸಿಂಗಾರಯ್ಯನ ಮೇಸ್ತ್ರಿಗಿರಿ ಹೋಯಿತು. ಹೂಳು ಹೊರುವ ಕೆಲಸ ಸಿಕ್ಕಿತು. ಕೆರೆ ತುಂಬುವವರೆಗೆ ಅವನ ಕೂಲಿ ಮಾತ್ರ ಸುಂಡಿಲಿಯ ಕೈಯಿಂದಲೇ.

ಸುಂಡಿಲಿ ಪಾಪ, ಅವನಿಗೂ ತುಂಬಿ ತುಂಬಿಯೇ ಕೊಟ್ಟಿತು.

ನೀತಿ: ದುಡಿಯುವವರ ಕೂಲಿ ಗೊತ್ತುಮಾಡುವವರು, ಮೊದಲು ಆ ಕೂಲಿಯಲ್ಲಿ ತಮ್ಮ ಮನೆ ನಡೆದೀತೇ ಎಂದು ನೋಡಿಕೊಳ್ಳಬೇಕು.